ಹೊಸ ತಳಿ ಬಂದ ದಿನ ಯಾರಿಗೆ ಏನು ಗೊತ್ತಿತ್ತು? ಒಮಿಕ್ರಾನ್ ಮತ್ತು ಸರ್ಕಾರದ ಕ್ರಮಗಳ ಕುರಿತು ಒಂದು ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಆರಂಭವಾಗುವುದೇ ಡಿಎನ್‌ಎ ನಕಲಾಗುವ ವಿಷಯದಿಂದ. ನಕಲು ಎಂದೂ ನೂರಕ್ಕೆ ನೂರು ನಿಖರವಾಗಿರುವುದಿಲ್ಲ, ಆ ಸಣ್ಣ ವ್ಯತ್ಯಾಸಗಳೇ ಭಿನ್ನತೆಗೆ ಮೂಲ, ಪರಿಸರ ಬದಲಾದಾಗ ಕೆಲವು ಭಿನ್ನತೆಗಳು ಜೀವಿ ಉಳಿದುಕೊಳ್ಳಲು ನೆರವಾಗುತ್ತವೆ ಎಂಬ ವಿವರಣೆ ಅಲ್ಲಿದೆ. ಪಠ್ಯ ಕೊಡುವ ಉದಾಹರಣೆ ಬ್ಯಾಕ್ಟೀರಿಯಾದ್ದು: ನೀರಿನ ಉಷ್ಣತೆ ಏರಿದಾಗ ಬಹುಪಾಲು ಸಾಯುತ್ತವೆ, ಶಾಖ ತಾಳುವ ಕೆಲವು ಉಳಿದು ಬೆಳೆಯುತ್ತವೆ. ಬೋಧನಾಭ್ಯಾಸದಲ್ಲಿ ಈ ಘಟಕ ನನ್ನ ಪಾಲಿಗೆ ಬಂದಾಗ ಬ್ಯಾಕ್ಟೀರಿಯಾದ ಪಕ್ಕದಲ್ಲಿ ಇನ್ನೊಂದು ಉದಾಹರಣೆ ಇಟ್ಟೆ: ಕೊರೊನಾ ವೈರಸ್ಸಿನ ಒಮಿಕ್ರಾನ್ ತಳಿ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಬೆಂಗಳೂರಿನಲ್ಲಿ. ನನ್ನ ಹತ್ತನೆಯ ತರಗತಿಯ ಮಕ್ಕಳು ಆಗ ಏಳನೆಯ ತರಗತಿಯಲ್ಲಿದ್ದರು, ಆ ದಿನಗಳು ಅವರಿಗೆ ಚೆನ್ನಾಗಿ ನೆನಪಿದ್ದವು.

ಪೂರ್ವಜ್ಞಾನ ತಿಳಿಯಲು ನಾನು ಕೇಳಿದ್ದು ಒಂದೇ ಪ್ರಶ್ನೆ. "2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಸರ್ಕಾರ ಏನು ಮಾಡಿತು?" ಉತ್ತರಗಳು ಹಲವು ಬಂದವು, ಆದರೆ ಅವೆಲ್ಲ ಎರಡೇ ಗುಂಪಿಗೆ ಸೇರುವಂಥವು. "ಮೊದಲೇ ವಿಮಾನ ನಿಲ್ಲಿಸಿದ್ದರೆ ಅದು ನಮ್ಮ ದೇಶಕ್ಕೆ ಬರುತ್ತಲೇ ಇರಲಿಲ್ಲ ಮಿಸ್" ಎಂಬುದು ಒಂದು. "ಅದು ಬರೀ ನೆಗಡಿ. ಸುಮ್ಮನೆ ಕರ್ಫ್ಯೂ ಹಾಕಿದರು, ಶಾಲೆ ಮುಚ್ಚಿದರು" ಎಂಬುದು ಇನ್ನೊಂದು. ಇವು ಮಕ್ಕಳ ಸ್ವಂತ ಮಾತಲ್ಲ, ಮನೆಯ ಜಗಲಿಯಲ್ಲಿ, ಬಸ್ಸಿನಲ್ಲಿ ದೊಡ್ಡವರು ಆಡಿದ ಮಾತು. ಒಂದಕ್ಕೆ ಸರ್ಕಾರ ಸಾಲದು, ಇನ್ನೊಂದಕ್ಕೆ ಸರ್ಕಾರ ಅತಿಯಾಯಿತು. ಪರಸ್ಪರ ವಿರುದ್ಧವಾಗಿ ಕಂಡರೂ ಎರಡೂ ಮಾಡುವುದು ಒಂದೇ ಕೆಲಸ: ಎಲ್ಲ ಮುಗಿದ ಮೇಲೆ ಗೊತ್ತಾದದ್ದನ್ನು ಮೊದಲ ದಿನಕ್ಕೆ ಒಯ್ದು ಇಡುತ್ತವೆ. ಹಾಗಾಗಿ ಹಲಗೆಯನ್ನು ಮೂರು ಕಂಬಸಾಲುಗಳಾಗಿ ಭಾಗ ಮಾಡಿದೆ. ಮೊದಲನೆಯದು ವೈರಸ್ಸು ಏನು ಮಾಡುತ್ತಿತ್ತು, ಎರಡನೆಯದು ಪ್ರಯೋಗಾಲಯಕ್ಕೆ ಏನು ಗೊತ್ತಿತ್ತು, ಮೂರನೆಯದು ಸರ್ಕಾರ ಯಾವ ಆದೇಶ ಹೊರಡಿಸಿತು. ಎಡಗಡೆ ದಿನಾಂಕಗಳು. ಪಾಠದ ಉಪಕರಣ ಇಷ್ಟೇ. ಈ ಲೇಖನವೂ ಅದೇ ಜಾಡಿನಲ್ಲಿ ಸಾಗುತ್ತದೆ.

ಎರಡನೆಯ ಕಂಬಸಾಲು ಹೇಗೆ ತುಂಬುತ್ತದೆ

ಕೊರೊನಾ ವೈರಸ್ಸಿನ ಆನುವಂಶಿಕ ವಸ್ತು ಡಿಎನ್‌ಎ ಅಲ್ಲ, ಆರ್‌ಎನ್‌ಎ. ಸುಮಾರು 30 ಸಾವಿರ ಅಕ್ಷರಗಳ ಒಂದು ಉದ್ದ ವಾಕ್ಯ ಎಂದುಕೊಳ್ಳಬಹುದು. ಪ್ರತಿ ಬಾರಿ ನಕಲಾಗುವಾಗ ಒಂದೆರಡು ಅಕ್ಷರ ತಪ್ಪುವ ಸಂಭವವಿದೆ. (ಕೊರೊನಾ ವೈರಸ್ಸುಗಳಿಗೆ ನಕಲನ್ನು ತಿದ್ದುವ ಕಿಣ್ವವೊಂದಿದೆ, ಆದ್ದರಿಂದ ಅವು ಇನ್‌ಫ್ಲುಯೆಂಜಾ ವೈರಸ್ಸಿಗಿಂತ ನಿಧಾನವಾಗಿ ಬದಲಾಗುತ್ತವೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು.) ಬಹುತೇಕ ತಪ್ಪುಗಳಿಂದ ವೈರಸ್ಸಿಗೆ ಲಾಭವೂ ಇಲ್ಲ, ಕೆಲವೊಮ್ಮೆ ನಷ್ಟವೇ. ಆದರೆ ಸೋಂಕಿತರು ಕೋಟಿಗಟ್ಟಲೆ ಇದ್ದಾಗ ನಕಲುಗಳ ಸಂಖ್ಯೆಯೂ ಅಳತೆ ಮೀರುತ್ತದೆ, ಲಾಭ ತರುವ ಬದಲಾವಣೆಗಳ ಗುಚ್ಛವೊಂದು ಎಲ್ಲೋ ಒಂದು ಕಡೆ ಸಿಕ್ಕಿಬಿಡುತ್ತದೆ. ಒಮಿಕ್ರಾನ್‌ನಲ್ಲಿ ವೈರಸ್ಸು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಸ್ಪೈಕ್ ಪ್ರೋಟೀನಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ನಮ್ಮ ಪ್ರತಿಕಾಯಗಳು ಗುರುತು ಹಿಡಿಯುವುದೂ ಅದೇ ಭಾಗವನ್ನು.

ಹೊಸ ತಳಿ ಬಂದಿದೆ ಎಂದು ಮೊದಲು ತಿಳಿಯುವುದು ಹೇಗೆ? ಸಾಮಾನ್ಯ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸು ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ತಳಿ ಯಾವುದು ಎಂದು ತಿಳಿಯಬೇಕಾದರೆ ಮಾದರಿಯ ಪೂರ್ತಿ ಅಕ್ಷರಮಾಲೆಯನ್ನು ಓದಬೇಕು. ಅದೇ ಜೀನೋಮ್ ಅನುಕ್ರಮಣಿಕೆ, ಅದಕ್ಕೆ ದಿನಗಳು ಹಿಡಿಯುತ್ತವೆ. ಆದರೆ 2021ರ ನವೆಂಬರಿನಲ್ಲಿ ಒಂದು ಅಡ್ಡದಾರಿ ಸಿಕ್ಕಿತು. ಟ್ಯಾಕ್‌ಪಾಥ್ ಎಂಬ ಪರೀಕ್ಷಾ ಕಿಟ್ ವೈರಸ್ಸಿನ ಮೂರು ಭಾಗಗಳನ್ನು ಹುಡುಕುತ್ತದೆ: ಓಆರ್‌ಎಫ್, ಎನ್ ಮತ್ತು ಎಸ್ ಜೀನ್. ಒಮಿಕ್ರಾನ್‌ನ ಎಸ್ ಜೀನಿನಲ್ಲಿ ಒಂದು ಸಣ್ಣ ತುಂಡು ಬಿದ್ದುಹೋಗಿತ್ತು (ಪ್ರೋಟೀನಿನ 69 ಮತ್ತು 70ನೆಯ ಅಮೈನೊ ಆಮ್ಲಗಳ ಜಾಗ). ಹಾಗಾಗಿ ಆ ಕಿಟ್ಟಿನಲ್ಲಿ ಎರಡು ಗುರುತು ಕಾಣುತ್ತಿದ್ದವು, ಮೂರನೆಯದು ಕಾಣುತ್ತಿರಲಿಲ್ಲ. ಒಬ್ಬ ಪರಿಚಿತರನ್ನು ಕನ್ನಡಕ, ಮೀಸೆ, ನಡಿಗೆ ಎಂಬ ಮೂರು ಗುರುತಿನಿಂದ ಪತ್ತೆಹಚ್ಚುವ ಅಭ್ಯಾಸ ನಮಗಿದ್ದು, ಒಂದು ದಿನ ಎದುರಿಗೆ ಬರುವವರಲ್ಲಿ ಹೆಚ್ಚು ಹೆಚ್ಚು ಜನ ಮೀಸೆಯಿಲ್ಲದೆ ಕಂಡರೆ ಏನೋ ಬದಲಾಗಿದೆ ಎಂದು ಅನುಮಾನಿಸುತ್ತೇವಲ್ಲ, ಹಾಗೆ. ಆಗ ಎಲ್ಲೆಡೆ ಹಬ್ಬಿದ್ದ ಡೆಲ್ಟಾ ತಳಿಯಲ್ಲಿ ಈ ಕೊರತೆ ಸಾಮಾನ್ಯವಾಗಿ ಇರಲಿಲ್ಲ. ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತದ ಪ್ರಯೋಗಾಲಯಗಳಲ್ಲಿ ಎಸ್ ಜೀನ್ ಕಾಣದ ಮಾದರಿಗಳು ಏರತೊಡಗಿದಾಗ ವಿಜ್ಞಾನಿಗಳು ಆ ಮಾದರಿಗಳನ್ನೇ ಹೆಕ್ಕಿ ಓದಿದರು.

ಈ ಅಡ್ಡದಾರಿ ಹೆಚ್ಚು ದಿನ ನಡೆಯಲಿಲ್ಲ. ಒಮಿಕ್ರಾನ್‌ನದೇ ಉಪತಳಿ ಬಿಎ.2ರಲ್ಲಿ ಆ ತುಂಡು ಬಿದ್ದುಹೋಗಿರಲಿಲ್ಲ, ಹಾಗಾಗಿ ಕಿಟ್ಟಿನ ಕಣ್ಣಿಗೆ ಅದು ಡೆಲ್ಟಾದಂತೆಯೇ ಕಾಣುತ್ತಿತ್ತು. ಭಿನ್ನತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮುಂದುವರಿಕೆ ನನಗೆ ಸಿಗಲಿಲ್ಲ.

ದಕ್ಷಿಣ ಆಫ್ರಿಕಾ ಬಿ.1.1.529 ಎಂಬ ಈ ತಳಿಯ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು ನವೆಂಬರ್ 24ರಂದು. ಎರಡೇ ದಿನದಲ್ಲಿ, 26ರಂದು, ಸಂಸ್ಥೆ ಅದನ್ನು ಕಳವಳಕಾರಿ ತಳಿ ಎಂದು ಘೋಷಿಸಿ ಒಮಿಕ್ರಾನ್ ಎಂಬ ಗ್ರೀಕ್ ಅಕ್ಷರದ ಹೆಸರಿಟ್ಟಿತು. ಆ ದಿನ ಎರಡನೆಯ ಕಂಬಸಾಲಿನಲ್ಲಿ ಬರೆಯಬಹುದಾದದ್ದು ಮೂರೇ ಸಂಗತಿ. ಬದಲಾವಣೆಗಳು ಅಸಾಧಾರಣವಾಗಿ ಹೆಚ್ಚಿವೆ, ಗೌಟೆಂಗ್‌ನಲ್ಲಿ ಅದು ಬೇಗ ಹರಡುತ್ತಿರುವಂತಿದೆ, ಹಿಂದೆ ಸೋಂಕಾದವರಿಗೂ ಮತ್ತೆ ಬರುವ ಸೂಚನೆಯಿದೆ. ಕಾಯಿಲೆ ಎಷ್ಟು ತೀವ್ರ, ಲಸಿಕೆ ಎಷ್ಟು ಕಾಯುತ್ತದೆ ಎಂಬ ಎರಡು ಮುಖ್ಯ ಸಾಲುಗಳು ಖಾಲಿ. ಮಕ್ಕಳು ಖಾಲಿ ಜಾಗ ಕಂಡರೆ ತುಂಬಲು ಹೊರಡುತ್ತಾರೆ. "ಈಗಲೇ ತುಂಬಬಾರದು, ದಿನಾಂಕ ನೋಡಿ" ಎಂದು ಹಲವು ಸಲ ಹೇಳಬೇಕಾಯಿತು.

ಬೆಂಗಳೂರಿನ ಎರಡು ಪ್ರಕರಣ

2021ರ ಡಿಸೆಂಬರ್ 2ರಂದು, ಗುರುವಾರ, ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾಗಿವೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದ ಪ್ರಯಾಣಿಕರು. ಇನ್ನೊಬ್ಬರು ಬೆಂಗಳೂರಿನ ವೈದ್ಯರು. ಇಬ್ಬರೂ ಲಸಿಕೆಯ ಎರಡೂ ಡೋಸ್ ಪಡೆದಿದ್ದರು.

ಈಗ ದಿನಾಂಕಗಳನ್ನು ನೋಡೋಣ. ಪ್ರಯಾಣಿಕರು ಬೆಂಗಳೂರಿಗೆ ಬಂದದ್ದು ನವೆಂಬರ್ 20ರಂದು. ಅವರು ದುಬೈಗೆ ಹೊರಟದ್ದು 27ರಂದು. ಎಂದರೆ ಪ್ರಕಟಣೆ ಹೊರಬೀಳುವ ಹೊತ್ತಿಗೆ ಅವರು ಊರು ಬಿಟ್ಟು ಐದು ದಿನವಾಗಿತ್ತು. ವೈದ್ಯರಿಗೆ ಲಕ್ಷಣ ಕಾಣಿಸಿದ್ದು 21ರಂದು, ಮಾದರಿ ಅನುಕ್ರಮಣಿಕೆಗೆ ಹೋದದ್ದು 22ರಂದು, ಫಲಿತಾಂಶ ಜಗತ್ತಿಗೆ ತಿಳಿದದ್ದು ಡಿಸೆಂಬರ್ 2ರಂದು. ಅವರು ಯಾವ ವಿದೇಶ ಪ್ರಯಾಣವನ್ನೂ ಮಾಡಿರಲಿಲ್ಲ.

ಇದನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತೆ. ಒಂದು ನಿಮಿಷದೊಳಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಹಿಡಿದ: "ಹೆಸರಿಡುವ ಮೊದಲೇ ಇಲ್ಲಿಗೆ ಬಂದಿತ್ತಲ್ಲ ಮಿಸ್!" ಹೌದು. ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸುವ ಮೂರು ದಿನ ಮೊದಲೇ, ವಿಮಾನ ಹತ್ತದ ಬೆಂಗಳೂರಿನ ವ್ಯಕ್ತಿಯೊಬ್ಬರಲ್ಲಿ ಲಕ್ಷಣ ಕಾಣಿಸಿಕೊಂಡಿತ್ತು. ಅವರಿಗೆ ಅದು ಇನ್ನೊಬ್ಬರಿಂದ ಬಂದಿರಲೇಬೇಕು, ಆ ಇನ್ನೊಬ್ಬರ ಸೋಂಕು ಇನ್ನೂ ಹಿಂದಿನದು. ನೆದರ್ಲೆಂಡ್ಸ್‌ನಲ್ಲೂ ಇದೇ ಆಯಿತು. ನವೆಂಬರ್ 19 ಮತ್ತು 23ರಂದು ತೆಗೆದ ಮಾದರಿಗಳಲ್ಲಿ ಒಮಿಕ್ರಾನ್ ಇತ್ತೆಂದು ಆ ದೇಶದ ಆರೋಗ್ಯ ಸಂಸ್ಥೆ ತಿಂಗಳ ಕೊನೆಯಲ್ಲಿ ಹೇಳಿತು. ಪತ್ತೆಯಾದ ದಿನ ಬೇರೆ, ಬಂದ ದಿನ ಬೇರೆ ಎಂಬುದು ಮಕ್ಕಳಿಗೆ ಇಲ್ಲಿ ಸ್ಪಷ್ಟವಾಯಿತು.

ಹಾಗಾದರೆ ವಿಮಾನ ನಿಲ್ದಾಣದ ಕ್ರಮಗಳು ವ್ಯರ್ಥವೇ? ಬ್ರಿಟನ್, ಅಮೆರಿಕ ಮೊದಲಾದ ದೇಶಗಳು ನವೆಂಬರ್ ಕೊನೆಯ ದಿನಗಳಲ್ಲೇ ಆಫ್ರಿಕಾದ ದಕ್ಷಿಣ ಭಾಗದ ಹಲವು ದೇಶಗಳ ಪ್ರಯಾಣಿಕರ ಮೇಲೆ ನಿರ್ಬಂಧ ಹೇರಿದವು. ಭಾರತ ಬೇರೆ ದಾರಿ ಹಿಡಿಯಿತು. ಅಪಾಯದ ದೇಶಗಳ ಪಟ್ಟಿ ಮಾಡಿ, ಅಲ್ಲಿಂದ ಬಂದವರಿಗೆ ಡಿಸೆಂಬರ್ 1ರಿಂದ ನಿಲ್ದಾಣದಲ್ಲೇ ಪರೀಕ್ಷೆ, ನೆಗೆಟಿವ್ ಬಂದರೂ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಸ, ಎಂಟನೆಯ ದಿನ ಮರುಪರೀಕ್ಷೆ ಎಂದು ನಿಯಮ ಮಾಡಿತು. ಡಿಸೆಂಬರ್ 15ರಿಂದ ಮತ್ತೆ ಶುರುವಾಗಬೇಕಿದ್ದ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳನ್ನು ಮುಂದೂಡಿತು. ಗೋಡೆ ಕಟ್ಟುವ ಮೊದಲೇ ಒಳಗೆ ಬಂದದ್ದನ್ನು ಗೋಡೆ ತಡೆಯಲಾರದು, ನಿಜ. ಆದರೆ ಬರುವ ಕಿಡಿಗಳ ಸಂಖ್ಯೆ ಕಡಿಮೆಯಾದರೆ ಬೆಂಕಿ ಹೊತ್ತಲು ತೆಗೆದುಕೊಳ್ಳುವ ಸಮಯ ಸ್ವಲ್ಪ ಹೆಚ್ಚುತ್ತದೆ. ನಿಲ್ದಾಣದ ಪರೀಕ್ಷೆಯ ಇನ್ನೊಂದು ಲಾಭ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಪಾಸಿಟಿವ್ ಬಂದ ಮಾದರಿಗಳು ನೇರವಾಗಿ ಅನುಕ್ರಮಣಿಕೆಗೆ ಹೋಗುತ್ತವೆ, ಎಂದರೆ ಎರಡನೆಯ ಕಂಬಸಾಲು ಬೇಗ ತುಂಬುತ್ತದೆ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ. ಪತ್ತೆಹಚ್ಚಿ ತಡಮಾಡದೆ ಜಗತ್ತಿಗೆ ತಿಳಿಸಿದ ದೇಶಕ್ಕೆ ಸಿಕ್ಕಿದ್ದು ಪ್ರಯಾಣ ನಿಷೇಧ. ಒಳ್ಳೆಯ ಪ್ರಯೋಗಾಲಯ ಇಟ್ಟುಕೊಂಡದ್ದಕ್ಕೆ ತಮಗೆ ಶಿಕ್ಷೆಯಾಗುತ್ತಿದೆ ಎಂದು ದಕ್ಷಿಣ ಆಫ್ರಿಕಾ ಸರ್ಕಾರ ದೂರಿತು. ಆ ದೂರಿನಲ್ಲಿ ಹುರುಳಿದೆ. ಮುಂದಿನ ಬಾರಿ ಬೇರೊಂದು ದೇಶ ಇದನ್ನು ನೆನೆದು ಬಾಯಿ ಮುಚ್ಚಿಕೊಂಡರೆ ನಷ್ಟ ಎಲ್ಲರಿಗೂ.

ಬೆಂಗಳೂರಿಗೆ ಮರಳಿದರೆ, ಆ ಎರಡು ಪ್ರಕರಣಗಳ ಹಿಂದೆ ನಡೆದ ಕೆಲಸ ಸುದ್ದಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ಪ್ರಯಾಣಿಕರ 24 ನೇರ ಸಂಪರ್ಕಿತರನ್ನೂ 240 ಪರೋಕ್ಷ ಸಂಪರ್ಕಿತರನ್ನೂ ಹುಡುಕಿ ಪರೀಕ್ಷಿಸಲಾಯಿತು, ಎಲ್ಲರದೂ ನೆಗೆಟಿವ್. ವೈದ್ಯರ 13 ನೇರ ಮತ್ತು 205 ಪರೋಕ್ಷ ಸಂಪರ್ಕಿತರಲ್ಲಿ ಐವರಿಗೆ ಸೋಂಕು ಇತ್ತು. ಇಬ್ಬರಿಗಾಗಿ ಸುಮಾರು 480 ಜನರ ಬೆನ್ನುಹತ್ತಬೇಕಾಯಿತು ಎಂಬ ಲೆಕ್ಕ ಮಕ್ಕಳೇ ಮಾಡಿದರು. ಪ್ರಕರಣ ಇಬ್ಬರಿದ್ದಾಗ ಸಾಧ್ಯವಾದದ್ದು ದಿನಕ್ಕೆ ಇಪ್ಪತ್ತು ಸಾವಿರವಾದಾಗ ಸಾಧ್ಯವೇ ಎಂಬ ಪ್ರಶ್ನೆ ಅವರಿಂದಲೇ ಬಂತು. ಸಾಧ್ಯವಿಲ್ಲ. ಜನವರಿ 10ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೆಚ್ಚಿನ ಅಪಾಯದಲ್ಲಿರುವವರನ್ನು ಬಿಟ್ಟು ಲಕ್ಷಣವಿಲ್ಲದ ಸಂಪರ್ಕಿತರಿಗೆ ಪರೀಕ್ಷೆ ಬೇಕಿಲ್ಲ ಎಂದು ಸಲಹೆ ಕೊಟ್ಟಾಗ ಅದನ್ನು ಸರ್ಕಾರ ಕೈಚೆಲ್ಲಿತು ಎಂದು ಓದಿದವರಿದ್ದಾರೆ. ಹಂತ ಬದಲಾಯಿತು ಎಂದು ಓದುವುದು ಸರಿ ಎಂದು ನನ್ನ ಅಭಿಪ್ರಾಯ.

ಭಾರತದಲ್ಲಿ ತಳಿಗಳನ್ನು ಓದುವ ಕೆಲಸಕ್ಕೆಂದು 2020ರ ಡಿಸೆಂಬರಿನಲ್ಲೇ ಇನ್ಸಾಕಾಗ್ ಎಂಬ ಪ್ರಯೋಗಾಲಯಗಳ ಒಕ್ಕೂಟ ಆರಂಭವಾಗಿತ್ತು. ಮೊದಲ 10 ಪ್ರಯೋಗಾಲಯಗಳಲ್ಲಿ ಎರಡು ಬೆಂಗಳೂರಿನವು: ನಿಮ್ಹಾನ್ಸ್ ಮತ್ತು ಇನ್‌ಸ್ಟೆಮ್. ನಿಮ್ಹಾನ್ಸ್ ಎಂದರೆ ಮಾನಸಿಕ ಆರೋಗ್ಯದ ಆಸ್ಪತ್ರೆ ಎಂದಷ್ಟೇ ತಿಳಿದಿದ್ದ ಮಕ್ಕಳಿಗೆ ಅಲ್ಲಿ ವೈರಸ್ಸುಗಳ ಅಧ್ಯಯನವೂ ನಡೆಯುತ್ತದೆ ಎಂಬುದು ಹೊಸ ವಿಷಯ.

ಬರೀ ನೆಗಡಿಯೇ?

ಎರಡನೆಯ ಗುಂಪಿನ ಉತ್ತರಕ್ಕೆ ಬರೋಣ. ಒಮಿಕ್ರಾನ್ ಡೆಲ್ಟಾಕ್ಕಿಂತ ಸೌಮ್ಯ ಎಂಬ ಸುಳಿವು ದಕ್ಷಿಣ ಆಫ್ರಿಕಾದಿಂದ ಡಿಸೆಂಬರಿನ ಆರಂಭದಲ್ಲೇ ಕೇಳಿಬರುತ್ತಿತ್ತು. ಸರ್ಕಾರಗಳು ಅದನ್ನು ಯಾಕೆ ಕೂಡಲೇ ನಂಬಲಿಲ್ಲ? ಒಂದು ಕಾರಣ ಜನಸಂಖ್ಯೆ. ದಕ್ಷಿಣ ಆಫ್ರಿಕಾದಲ್ಲಿ ಯುವಕರು ಹೆಚ್ಚು, ಅವರಲ್ಲೂ ಬಹುಪಾಲು ಜನರಿಗೆ ಹಿಂದಿನ ಅಲೆಗಳಲ್ಲಿ ಸೋಂಕಾಗಿತ್ತು. ಅಲ್ಲಿನ ಅನುಭವವನ್ನು ವೃದ್ಧರು ಹೆಚ್ಚಿರುವ ದೇಶಕ್ಕೆ ಹಾಗೆಯೇ ಹೊಂದಿಸಲಾಗದು. ಡಿಸೆಂಬರ್ 7ರಂದು ದರ್ಬನ್ನಿನ ಪ್ರಯೋಗಾಲಯವೊಂದು ಲಸಿಕೆಯಿಂದ ಬಂದ ಪ್ರತಿಕಾಯಗಳ ಶಕ್ತಿ ಒಮಿಕ್ರಾನ್ ಎದುರು ಬಹಳವಾಗಿ ಕುಗ್ಗುತ್ತದೆ ಎಂದು ತೋರಿಸಿತು. ತೀವ್ರತೆ ಕಡಿಮೆ ಎಂಬುದಕ್ಕೆ ಬ್ರಿಟನ್ನಿನಿಂದ ಗಟ್ಟಿ ಅಂಕಿಅಂಶ ಬಂದದ್ದು ಕ್ರಿಸ್‌ಮಸ್ ಹೊತ್ತಿಗೆ.

ಇನ್ನೊಂದು ಕಾರಣ ಗಣಿತ. ಇದಕ್ಕೆ ನಾನು ಒಂದು ಇಡೀ ಅವಧಿ ಕೊಟ್ಟೆ. ಒಮಿಕ್ರಾನ್ ಸಮುದಾಯದಲ್ಲಿ ಹರಡಿರುವ ಕಡೆ ಪ್ರಕರಣಗಳು ಒಂದೂವರೆಯಿಂದ ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ ಮಧ್ಯದಲ್ಲಿ ಹೇಳಿತ್ತು. ನಿಧಾನದ ಲೆಕ್ಕವನ್ನೇ, ಮೂರು ದಿನವನ್ನೇ, ಹಿಡಿಯೋಣ. ಮೂವತ್ತು ದಿನದಲ್ಲಿ ಹತ್ತು ಇಮ್ಮಡಿ, ಒಬ್ಬರಿಂದ 1,024. ಈಗ ಹೊಸ ತಳಿ ಹಳೆಯದಕ್ಕಿಂತ ಅರ್ಧದಷ್ಟೇ ಜನರನ್ನು ಆಸ್ಪತ್ರೆಗೆ ಕಳಿಸುತ್ತದೆ ಎಂದುಕೊಳ್ಳಿ. ಆ ಅರ್ಧದ ಲಾಭ ಎಷ್ಟು ದಿನ ಉಳಿಯುತ್ತದೆ? ಸೋಂಕಿತರ ಸಂಖ್ಯೆ ಒಮ್ಮೆ ಇಮ್ಮಡಿಯಾಗುವವರೆಗೆ, ಎಂದರೆ ಮೂರು ದಿನ. ನಾಲ್ಕನೆಯ ಒಂದು ಭಾಗದಷ್ಟು ಸೌಮ್ಯವಾದರೆ ಆರು ದಿನ. ಎಂಟನೆಯ ಒಂದು ಭಾಗವಾದರೆ ಒಂಬತ್ತು ದಿನ. ಸೌಮ್ಯತೆ ಒಂದು ಸಲ ಭಾಗಿಸುತ್ತದೆ, ಹರಡುವಿಕೆ ಮತ್ತೆ ಮತ್ತೆ ಗುಣಿಸುತ್ತದೆ. ಗ್ರಾಫ್ ಹಾಳೆಯಲ್ಲಿ ಮಕ್ಕಳು ಎರಡು ವಕ್ರರೇಖೆ ಬಿಡಿಸಿದರು. ಕೆಳಗಿನಿಂದ ಹೊರಟ ರೇಖೆ ಮೇಲಿನದನ್ನು ದಾಟಿಹೋಗುವುದನ್ನು ತಾವೇ ಕಂಡ ಮೇಲೆ "ಬರೀ ನೆಗಡಿ" ಎಂಬ ಮಾತು ತರಗತಿಯಲ್ಲಿ ಮತ್ತೆ ಕೇಳಲಿಲ್ಲ. ಗಣಿತದ ಪ್ರಶಿಕ್ಷಣಾರ್ಥಿ ಗೆಳೆಯರು ಗುಣೋತ್ತರ ಶ್ರೇಢಿಯ ಪರಿಚಯಕ್ಕೆ ಇದನ್ನು ಎರವಲು ಪಡೆಯಬಹುದು.

ಈ ಖಾಲಿ ಸಾಲುಗಳ ನಡುವೆ ಕರ್ನಾಟಕ ಸರ್ಕಾರ ಮಾಡಿದ್ದನ್ನು ಮೂರನೆಯ ಕಂಬಸಾಲಿನಲ್ಲಿ ಹೀಗೆ ಬರೆದೆವು. ಡಿಸೆಂಬರ್ 3ರಂದು: ಮಾಲ್, ಚಿತ್ರಮಂದಿರಕ್ಕೆ ಹೋಗಲು ಎರಡು ಡೋಸ್ ಕಡ್ಡಾಯ, ಶಾಲೆಗೆ ಬರುವ ಮಕ್ಕಳ ಪೋಷಕರಿಗೂ ಎರಡು ಡೋಸ್, ಸಮಾರಂಭಗಳಿಗೆ 500 ಜನರ ಮಿತಿ. ಡಿಸೆಂಬರ್ 28ರಿಂದ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಜನವರಿ 3ರಿಂದ 15ರಿಂದ 18 ವಯಸ್ಸಿನವರಿಗೆ ಲಸಿಕೆ, 10ರಿಂದ ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಮತ್ತು ಬೇರೆ ಕಾಯಿಲೆಗಳಿರುವ ಹಿರಿಯರಿಗೆ ಮುನ್ನೆಚ್ಚರಿಕೆ ಡೋಸ್ (ಇವೆರಡೂ ಕೇಂದ್ರದ ತೀರ್ಮಾನ). ಜನವರಿ 6ರಿಂದ ಬೆಂಗಳೂರಿನಲ್ಲಿ 10ರಿಂದ 12ನೆಯ ತರಗತಿ ಬಿಟ್ಟು ಉಳಿದ ತರಗತಿಗಳು ಬಂದ್. ಬೇರೆ ಜಿಲ್ಲೆಗಳಲ್ಲಿ ಸೋಂಕಿನ ಪ್ರಮಾಣ ನೋಡಿ ಜಿಲ್ಲಾಧಿಕಾರಿಗಳ ತೀರ್ಮಾನ. ಜನವರಿ 7ರಿಂದ ವಾರಾಂತ್ಯ ಕರ್ಫ್ಯೂ.

ಇವೆಲ್ಲ ಒಂದೇ ತೂಕದವಲ್ಲ. ರಾತ್ರಿ ಕರ್ಫ್ಯೂ ಬಗ್ಗೆ ಮಕ್ಕಳು ಕೇಳಿದ ಪ್ರಶ್ನೆ ಎಲ್ಲ ಕಡೆಯೂ ಕೇಳಿದ್ದೇ: "ವೈರಸ್ಸು ರಾತ್ರಿ ಮಾತ್ರ ಓಡಾಡುತ್ತದೆಯೇ?" ಹೊಸ ವರ್ಷದ ಸಂಭ್ರಮಕ್ಕೆ ಸೇರುವ ಗುಂಪನ್ನು ತಡೆಯಲು ಅದಕ್ಕೆ ಅರ್ಥವಿತ್ತು. ಜನವರಿ ಪೂರ್ತಿ ಮುಂದುವರಿಸಲು ನನಗೆ ಸಿಕ್ಕ ವೈಜ್ಞಾನಿಕ ಸಮರ್ಥನೆ ತೆಳುವಾದದ್ದು. ಹಗಲಿನ ಮದುವೆಯ ಊಟದ ಪಂಕ್ತಿಯಲ್ಲಿ ಹರಡುವುದನ್ನು ಅದು ಮುಟ್ಟುವುದಿಲ್ಲ. ಕಣ್ಣಿಗೆ ಬೀಳುವ ಕ್ರಮಗಳೇ ಬಲವಾದ ಕ್ರಮಗಳೆಂದು ನಾವು ಭಾವಿಸುತ್ತೇವೆ. ಬ್ಯಾರಿಕೇಡ್ ಕಾಣುತ್ತದೆ, ಆಶಾ ಕಾರ್ಯಕರ್ತೆ ಎರಡನೆಯ ಡೋಸ್ ಬಾಕಿಯಿರುವ ಮನೆಯ ಬಾಗಿಲು ಮೂರನೆಯ ಸಲ ತಟ್ಟಿದ್ದು ಕಾಣುವುದಿಲ್ಲ. ಶಾಲೆ ಮುಚ್ಚುವುದರ ಬೆಲೆಯಂತೂ ಶಿಕ್ಷಕರಾಗಲು ಹೊರಟ ನಮಗೆ ಬಿಡಿಸಿ ಹೇಳಬೇಕಿಲ್ಲ, ಭಿನ್ನರಾಶಿಯಲ್ಲಿ ಎಡವುವ ಹತ್ತನೆಯ ತರಗತಿಯ ಮಕ್ಕಳನ್ನು ನಾವು ದಿನವೂ ನೋಡುತ್ತಿದ್ದೇವೆ.

ಮೂರನೆಯ ಕಂಬಸಾಲಿನಲ್ಲಿ ಮಕ್ಕಳನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದು ಜನವರಿ 21. ಅಂದು ಸರ್ಕಾರ ವಾರಾಂತ್ಯ ಕರ್ಫ್ಯೂ ಹಿಂತೆಗೆದುಕೊಂಡಿತು. ಮೊದಲ ಕಂಬಸಾಲಿನಲ್ಲಿ ನೋಡಿದರೆ ಪ್ರಕರಣಗಳು ಇನ್ನೂ ಏರುತ್ತಲೇ ಇದ್ದವು, ರಾಜ್ಯದಲ್ಲಿ ಒಂದು ದಿನದ ಗರಿಷ್ಠ ಸಂಖ್ಯೆ ದಾಖಲಾದದ್ದು ಎರಡು ದಿನಗಳ ನಂತರ. ಏರುವಾಗ ಸಡಿಲಿಸುವುದೆಂದರೇನು? ಉತ್ತರ ಎರಡನೆಯ ಕಂಬಸಾಲಿನಲ್ಲಿದೆ. ಅಷ್ಟರಲ್ಲಿ ಸರ್ಕಾರ ನೋಡುವ ಅಳತೆಗೋಲು ಬದಲಾಗಿತ್ತು. ಸೋಂಕಿತರಲ್ಲಿ ಆಸ್ಪತ್ರೆಗೆ ಸೇರುವವರು ಸುಮಾರು ಶೇ. 5 ಎಂದೂ, ಅದು ಏರಿದರೆ ನಿರ್ಬಂಧ ಮತ್ತೆ ಬರುವುದೆಂದೂ ಅಂದು ಹೇಳಲಾಯಿತು. ಎಣಿಸುತ್ತಿದ್ದದ್ದು ಪ್ರಕರಣಗಳನ್ನಲ್ಲ, ಹಾಸಿಗೆಗಳನ್ನು. ಡಿಸೆಂಬರ್ 3ರಂದು ಈ ಅಳತೆ ಕೈಯಲ್ಲಿರಲಿಲ್ಲ. ಜನವರಿ 31ರಂದು ರಾತ್ರಿ ಕರ್ಫ್ಯೂ ಹೋಯಿತು, ಬೆಂಗಳೂರಿನ ಶಾಲೆಗಳು ತೆರೆದವು.

50,112 ಮತ್ತು 50,210

ಪಾಠದ ಕೊನೆಯ ಭಾಗಕ್ಕೆ ಎರಡು ದಿನಗಳ ಅಂಕಿ ಆರಿಸಿಕೊಂಡಿದ್ದೆ. 2021ರ ಮೇ 5, ಎರಡನೆಯ ಅಲೆ, ಡೆಲ್ಟಾ ಕಾಲ: ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ, 346 ಸಾವು. 2022ರ ಜನವರಿ 23, ಒಮಿಕ್ರಾನ್ ಕಾಲ: 50,210 ಪ್ರಕರಣ, 19 ಸಾವು. ಪ್ರಕರಣಗಳು ಹೆಚ್ಚುಕಡಿಮೆ ಒಂದೇ. ಅಂಕಿಗಳನ್ನು ಎಚ್ಚರಿಕೆಯಿಂದ ಓದುವ ಅಭ್ಯಾಸಕ್ಕೆ ಇಂಥ ಜೋಡಿ ಅಪರೂಪ. ಅಂದು ವರದಿಯಾದ ಸಾವುಗಳು ಅಂದಿನ ಪ್ರಕರಣಗಳವಲ್ಲ, ಒಂದೆರಡು ವಾರ ಹಿಂದೆ ಸೋಂಕಾದವರವು ಎಂಬುದನ್ನು ಮೊದಲು ಗುರುತಿಸಬೇಕು. ಜನವರಿಯಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡವರು, ಪರೀಕ್ಷೆಯನ್ನೇ ಮಾಡಿಸದವರು ಬಹಳ ಮಂದಿ, ಅವರು ಲೆಕ್ಕಕ್ಕೆ ಸಿಗಲಿಲ್ಲ. ಇದನ್ನೆಲ್ಲ ಕಳೆದು ಕೂಡಿದರೂ ಅಂತರ ದೊಡ್ಡದೇ.

ಕಾರಣಗಳನ್ನು ಪಟ್ಟಿ ಮಾಡಿ ಎಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಪಟ್ಟಿ ಮಾಡಲಿಲ್ಲ. ಎದ್ದುನಿಂತು ಕೇಳಿದಳು: "ನಮ್ಮ ಅಜ್ಜ ಹೋಗಿದ್ದು ಮೇ ತಿಂಗಳಲ್ಲಿ. ಅಜ್ಜನಿಗೆ ಬಂದ ವೈರಸ್ಸು ಜೋರಿತ್ತಾ, ಇಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದರಾ?" ತರಗತಿ ಸುಮ್ಮನಾಯಿತು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ, ಆದರೆ ಇಡೀ ಘಟಕದ ತಿರುಳೇ ಅದು. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹೀಗೆ ಆಗುತ್ತಿತ್ತು ಎಂದು ವಿಜ್ಞಾನ ಹೇಳಲಾರದು, ಸಮುದಾಯದ ವಿಷಯದಲ್ಲಿ ಹೇಳಬಲ್ಲದು ಎಂದೆ. ಹೇಗೆ ಹೇಳಬಲ್ಲದು ಎಂಬುದನ್ನೂ ತೋರಿಸಬೇಕಿತ್ತು.

ಎರಡು ದಿನಾಂಕಗಳ ನಡುವೆ ಬದಲಾದದ್ದು ಒಂದಲ್ಲ, ಹಲವು. ತಳಿ ಬದಲಾಯಿತು. ಲಸಿಕೆಯ ಪ್ರಮಾಣವೂ ಬದಲಾಯಿತು: 2021ರ ಮೇ 1ರಂದಷ್ಟೇ 18ರಿಂದ 44 ವಯಸ್ಸಿನವರಿಗೆ ಲಸಿಕೆಯ ಬಾಗಿಲು ತೆರೆದಿತ್ತು, 2022ರ ಜನವರಿಯ ಹೊತ್ತಿಗೆ ರಾಜ್ಯದ ವಯಸ್ಕರಲ್ಲಿ ಬಹುಪಾಲು ಜನ ಕನಿಷ್ಠ ಒಂದು ಡೋಸ್ ಪಡೆದಿದ್ದರು. ಹಿಂದಿನ ಸೋಂಕಿನಿಂದ ಬಂದ ರೋಗನಿರೋಧಕತೆಯೂ ಇತ್ತು. ಮೇ ತಿಂಗಳಲ್ಲಿ ಸಿಗದ ಆಮ್ಲಜನಕ, ಹಾಸಿಗೆ ಜನವರಿಯಲ್ಲಿ ಸಿಗುತ್ತಿತ್ತು. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಹೇಗೆ? ಪ್ರಯೋಗಾಲಯದಲ್ಲಾದರೆ ಒಂದು ಚರವನ್ನು ಮಾತ್ರ ಬದಲಿಸಿ ನೋಡುತ್ತೇವೆ. ಊರುಗಳ ಮೇಲೆ ಹಾಗೆ ಪ್ರಯೋಗ ಮಾಡುವಂತಿಲ್ಲ, ಆದರೆ ಕೆಲವೊಮ್ಮೆ ಅದು ತಾನಾಗಿ ಆಗಿರುತ್ತದೆ. ಹಾಂಗ್‌ಕಾಂಗ್ ಅಂಥದ್ದು. ಅಲ್ಲಿ ಎರಡು ವರ್ಷ ಸೋಂಕನ್ನು ಬಹುತೇಕ ಹೊರಗೇ ಇಟ್ಟಿದ್ದರು, ಹಾಗಾಗಿ ಹಳೆಯ ಸೋಂಕಿನ ರಕ್ಷಣೆ ಇರಲಿಲ್ಲ. ಆಸ್ಪತ್ರೆಗಳು ಒಳ್ಳೆಯವು. ಆದರೆ 80 ದಾಟಿದವರಲ್ಲಿ ಹೆಚ್ಚಿನವರು ಲಸಿಕೆ ಪೂರ್ತಿ ಪಡೆದಿರಲಿಲ್ಲ. 2022ರ ಫೆಬ್ರವರಿ–ಮಾರ್ಚ್‌ನಲ್ಲಿ ಇದೇ "ಸೌಮ್ಯ" ಒಮಿಕ್ರಾನ್ ಅಲ್ಲಿಗೆ ನುಗ್ಗಿತು. ಸುಮಾರು 74 ಲಕ್ಷ ಜನರ ಆ ನಗರದಲ್ಲಿ ಆ ಅಲೆಗೆ 9 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಲಸಿಕೆ ಪೂರ್ತಿಯಾಗದ ವೃದ್ಧರು. ಹಾಗಾದರೆ ನಮ್ಮ 346 ಮತ್ತು 19ರ ನಡುವಿನ ಅಂತರವನ್ನು ಪೂರ್ತಿಯಾಗಿ ವೈರಸ್ಸಿನ ಖಾತೆಗೆ ಬರೆಯಲಾಗದು.

ಹುಡುಗಿ ಟಿಪ್ಪಣಿ ಪುಸ್ತಕದಲ್ಲಿ ಹಾಂಗ್‌ಕಾಂಗ್ ಎಂದು ಬರೆದುಕೊಂಡು ಕುಳಿತಳು. ಸಂಜೆ ಮಾರ್ಗದರ್ಶಕ ಅಧ್ಯಾಪಕರು ಚರ್ಚೆಯಲ್ಲಿ ಒಂದು ಸೂಚನೆ ಕೊಟ್ಟರು: ಈ ಅಂಕಿಗಳನ್ನು ತರಗತಿಗೆ ಒಯ್ಯುವ ಮೊದಲು ಯಾರ ಮನೆಯಲ್ಲಿ ಸಾವಾಗಿದೆ ಎಂದು ತರಗತಿ ಶಿಕ್ಷಕರಿಂದ ತಿಳಿದುಕೊಳ್ಳುವುದು ಒಳ್ಳೆಯದು. ಈ ಪಾಠ ಮಾಡಬಯಸುವ ಇತರ ಪ್ರಶಿಕ್ಷಣಾರ್ಥಿಗಳಿಗಾಗಿ ಆ ಸೂಚನೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಎರಡು ವರ್ಷಗಳ ನಂತರ ಜೆಎನ್.1 ಎಂಬ ಉಪತಳಿ ಬಂದಾಗ ಅದೇ ರಾಜ್ಯ ನಡೆದುಕೊಂಡ ರೀತಿಯನ್ನು ಹೋಲಿಕೆಗೆ ಕೊಡಬಹುದು. 2023ರ ಡಿಸೆಂಬರಿನಲ್ಲಿ ಕೇರಳದಲ್ಲಿ ಅದು ಪತ್ತೆಯಾದ ಸುದ್ದಿ ಬಂದಾಗ ಕರ್ನಾಟಕ 60 ದಾಟಿದವರಿಗೆ, ಬೇರೆ ಕಾಯಿಲೆಗಳಿರುವವರಿಗೆ, ಗರ್ಭಿಣಿಯರಿಗೆ ಮಾಸ್ಕ್ ಧರಿಸಲು ಸಲಹೆ ನೀಡಿತು, ಪರೀಕ್ಷೆ ಹೆಚ್ಚಿಸಿತು. ಕರ್ಫ್ಯೂ ಇಲ್ಲ, ಶಾಲೆ ಮುಚ್ಚಲಿಲ್ಲ. ಆ ಹೊತ್ತಿಗೆ ಎರಡನೆಯ ಕಂಬಸಾಲಿನಲ್ಲಿ ಖಾಲಿ ಸಾಲುಗಳು ಬಹಳ ಕಡಿಮೆ ಇದ್ದವು.

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಕೊಡುವ ಬದಲು ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ದಿನಾಂಕ ಕೊಟ್ಟೆ. ನವೆಂಬರ್ 26, ಡಿಸೆಂಬರ್ 2, ಡಿಸೆಂಬರ್ 28, ಜನವರಿ 6, ಜನವರಿ 21. ಆ ದಿನದವರೆಗೆ ಗೊತ್ತಿದ್ದದ್ದನ್ನು ಮಾತ್ರ ಬಳಸಿ ಆರೋಗ್ಯ ಇಲಾಖೆಯ ಆದೇಶವೊಂದನ್ನು ಬರೆಯಬೇಕು. ಜನವರಿ 6ರ ಗುಂಪಿನಲ್ಲಿ ಶಾಲೆ ಮುಚ್ಚುವ ಬಗ್ಗೆ ಒಮ್ಮತ ಬರಲಿಲ್ಲ, ಮೂವರು ಪರ, ನಾಲ್ವರು ವಿರೋಧ, ಅವರು ಎರಡು ಆದೇಶ ಬರೆದು ತಂದರು. ಡಿಸೆಂಬರ್ 2ರ ಗುಂಪು ಸಂಪರ್ಕಿತರ ಪಟ್ಟಿಯನ್ನು ಯಾರು, ಎಷ್ಟು ಗಂಟೆಯೊಳಗೆ ಮಾಡಬೇಕು ಎಂಬುದಕ್ಕೇ ಪುಟ ತುಂಬಿಸಿತ್ತು. ನವೆಂಬರ್ 26ರ ಗುಂಪಿನ ಆದೇಶ ಬಹಳ ಚಿಕ್ಕದು, ನಾಲ್ಕೇ ಅಂಶ. ಪ್ರಯಾಣಿಕರ ಪರೀಕ್ಷೆ, ಪಾಸಿಟಿವ್ ಮಾದರಿಗಳನ್ನು ಅದೇ ದಿನ ಬೆಂಗಳೂರಿಗೆ ಕಳಿಸುವುದು, ಲಸಿಕೆ ಹಾಕಿಸಿಕೊಳ್ಳದ ಅಜ್ಜ–ಅಜ್ಜಿಯರ ಮನೆಗೆ ಹೋಗುವುದು. ನಾಲ್ಕನೆಯದನ್ನು ಅವರು ಸರ್ಕಾರಿ ಕಾಗದದ ಧಾಟಿಯಲ್ಲೇ ಬರೆದಿದ್ದರು: "ಸದರಿ ಆದೇಶವನ್ನು ಏಳು ದಿನಗಳ ನಂತರ ಹೊಸ ಮಾಹಿತಿಯೊಂದಿಗೆ ಪುನಃ ಪರಿಶೀಲಿಸತಕ್ಕದ್ದು."